ಗುಡ್ಡದ ಮೇಲಿನ ಅರಮನೆಗೆ ನೀರು ಬಂದ ದಾರಿ

ಗ್ರನಾಡಾ, ಸ್ಪೇನ್

ತೀರ್ಥರೂಪ ಅಪ್ಪಯ್ಯನಿಗೂ ಆಯಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಆರಾಮ. ಅಡಿಕೆಗೆ ಎರಡನೇ ಸಲದ ಕೊಳೆಮದ್ದು ಹೊಡೆದು ಮುಗಿಯಿತೇ? ಅಲ್ಲಿ ಮಳೆ ಬಿಡುತ್ತಿಲ್ಲ ಅಂದಿರಿ, ಇಲ್ಲಿ ಬಿಸಿಲು ಬಿಡುತ್ತಿಲ್ಲ. ಆ ಬಿಸಿಲಲ್ಲೇ ಅಲ್‌ಹಂಬ್ರಾ ನೋಡಿ ಬಂದೆ. ಗ್ರನಾಡಾ ಆಳಿದ ನಸ್ರೀದ್ ಎಂಬ ಮುಸ್ಲಿಂ ಮನೆತನದ ಸುಲ್ತಾನರು 1238ರಲ್ಲಿ ಗುಡ್ಡದ ಮೇಲೆ ಕಟ್ಟಲು ಶುರುಮಾಡಿದ ಕೋಟೆ, ಅರಮನೆ, ತೋಟ. ಗೋಡೆಯ ಕೆತ್ತನೆಗೆ ಜನ ಬಾಯಿಬಿಟ್ಟು ನಿಲ್ಲುತ್ತಾರೆ, ನಾನೂ ನಿಂತೆ. ಆದರೆ ಅಪ್ಪಯ್ಯ, ನಿಮಗೆ ಹೇಳಬೇಕಾದ್ದು ನೀರಿನ ಸಂಗತಿ.

ದಾರೋ ಹೊಳೆ ಹರಿಯುವುದು ಕೆಳಗೆ ಕಣಿವೆಯಲ್ಲಿ, ಅರಮನೆ ಇರುವುದು ಮೇಲೆ. ಅವರು ಹೊಳೆಗುಂಟ ಸುಮಾರು 6 ಕಿ.ಮೀ. ಮೇಲಕ್ಕೆ ಹೋಗಿ, ಅಲ್ಲಿ ಒಡ್ಡು ಹಾಕಿ, ಗುಡ್ಡದ ಪಕ್ಕೆಯಲ್ಲೇ ಕಾಲುವೆ ತೋಡಿಕೊಂಡು ಬಂದರು. ಪಂಪಿಲ್ಲ, ಏನಿಲ್ಲ. ನಮ್ಮ ಹಿತ್ತಿಲಿಗೆ ದಬ್ಬೆಯಲ್ಲಿ ಅಬ್ಬಿ ನೀರು ಬರುತ್ತಿತ್ತಲ್ಲ, ಅದೇ ಲೆಕ್ಕ. ಇಳಿಜಾರು ಒಂದೇ ಬಂಡವಾಳ.

ಬಂದ ನೀರನ್ನು ಬಳಸಿದ ರೀತಿ ನೋಡಬೇಕು. ಕೊಮಾರೆಸ್ ಅರಮನೆಯ ಅಂಗಳದಲ್ಲಿ ಉದ್ದಕ್ಕೂ ಒಂದು ಕೊಳ. ಅದರ ಎರಡು ತುದಿಗೂ ತಟ್ಟೆಯಂಥ ಚಿಕ್ಕ ಕಾರಂಜಿ. ನೀರಿನ ರಭಸ ಅಲ್ಲೇ ಇಳಿದು, ಸದ್ದಿಲ್ಲದೆ ಕೊಳಕ್ಕೆ ಸೇರುತ್ತದೆ. ಹಾಗಾಗಿ ಕೊಳದಲ್ಲಿ ಗೋಪುರದ ನೆರಳು ಅಲುಗುವುದಿಲ್ಲ. ಸಿಂಹದಂಗಳದಲ್ಲಿ 12 ಅಮೃತಶಿಲೆಯ ಸಿಂಹಗಳು, ಸುತ್ತ 124 ಕಂಬ. ಸಿಂಹಗಳ ಮೇಲಿನ ಬಟ್ಟಲಿಗೆ ಇಬ್ನ್ ಜಮ್ರಕ್ ಎಂಬ ಕವಿಯ ಪದ್ಯ ಕೆತ್ತಿದ್ದಾರೆ: ಹರಿಯುತ್ತಿರುವುದು ನೀರೋ ಕಲ್ಲೋ ತಿಳಿಯದು ಎಂಬ ಅರ್ಥದ್ದು. ಹೊಗಳಿಕೆ ಜಾಸ್ತಿ ಅನ್ನಿಸಿತು, ಹತ್ತಿರ ಹೋಗುವ ತನಕ.

ನನಗೆ ಹಿಡಿಸಿದ್ದು ಮಾತ್ರ ಪಕ್ಕದ ಹೆನೆರಾಲಿಫೆ ತೋಟದ ಮೆಟ್ಟಿಲು. ಅಲ್ಲಿ ಮೆಟ್ಟಿಲ ಪಕ್ಕದ ಕೈಗೋಡೆಯ ಮೇಲೆ ಹೆಂಚಿನ ಕಾಲುವೆ, ಅದರಲ್ಲಿ ನೀರು ಗಳಗಳ ಇಳಿಯುತ್ತದೆ. ಕೈ ಅದ್ದಿದರೆ ತಣ್ಣಗೆ ಕೊರೆಯುತ್ತದೆ. ಅದೇ ತೋಟದ ಉದ್ದನೆಯ ಅಂಗಳದಲ್ಲಿ ಕಮಾನಿನಂತೆ ಚಿಮ್ಮುವ ಕಾರಂಜಿಗಳ ಮುಂದೆ ಫೋಟೊ ತೆಗೆಸಿಕೊಳ್ಳಲು ನೂಕುನುಗ್ಗಲು. ಅವನ್ನು ಕೂರಿಸಿದ್ದು 19ನೇ ಶತಮಾನದಲ್ಲಂತೆ. ಸುಲ್ತಾನರಿಗೆ ಅಷ್ಟು ಗದ್ದಲ ಬೇಕಿರಲಿಲ್ಲ ಅಂತ ಕಾಣುತ್ತದೆ.

1492ರ ಜನವರಿ 2ರಂದು ಕೊನೆಯ ಸುಲ್ತಾನ ಬೋಅಬ್ದಿಲ್ ಊರನ್ನು ಇಸಬೆಲ್ಲಾ, ಫರ್ಡಿನಾಂಡ್ ಎಂಬ ಕ್ರೈಸ್ತ ರಾಜದಂಪತಿಗೆ ಒಪ್ಪಿಸಿದ. ಅವರ ಮೊಮ್ಮಗ ಐದನೇ ಚಾರ್ಲ್ಸ್ 1527ರಲ್ಲಿ ಈ ಅರಮನೆಗಳ ನಡುವೆಯೇ ತನ್ನದೊಂದು ಅರಮನೆ ಎಬ್ಬಿಸಲು ಹೊರಟ. ಹೊರಗೆ ಚೌಕ, ಒಳಗೆ ದುಂಡು ಅಂಗಳ. ಗಟ್ಟಿ ಕಟ್ಟಡವೇ, ಆದರೆ ಆ ಅಂಗಳದಲ್ಲಿ ಒಂದು ಕಾರಂಜಿಯೂ ಇಲ್ಲ.

ಆಯಿ, ಕೊಳದ ಬದಿಗೆ ಕತ್ತರಿಸಿ ಬೆಳೆಸಿದ ಬೇಲಿ ಮರ್ಟಲ್ ಗಿಡದ್ದು, ನಮ್ಮ ನೇರಳೆಯ ಕುಟುಂಬದ್ದೇ. ಎಲೆ ಹಿಸುಕಿದರೆ ಘಮ್ಮೆನ್ನುತ್ತದೆ. ಗೆಲ್ಲು ತಾ ಅನ್ನಬೇಡ, ಕಾವಲಿನವರು ಬಿಡುವುದಿಲ್ಲ!

ತಮ್ಮ ಬರುವುದಾದರೆ ಟಿಕೆಟ್ ಬಹಳ ಮೊದಲೇ ತೆಗೆಯಲಿ. ಒಳಗಿನ ಅರಮನೆಗಳಿಗೆ ಹೊತ್ತು ಗೊತ್ತುಮಾಡಿಯೇ ಕೊಡುತ್ತಾರೆ, ತಡವಾದರೆ ಬಿಡುವುದಿಲ್ಲ. ಮೆಟ್ಟಿಲ ನೀರಿನ ವಿಡಿಯೊ ಅವನ ಫೋನಿಗೆ ಕಳಿಸಿದ್ದೇನೆ. ಅಪ್ಪಯ್ಯ, ತಿರುವಿನಲ್ಲಿ ನೀರು ಹೊರಚೆಲ್ಲದ ಹಾಗೆ ಹೇಗೆ ಮಾಡಿದ್ದಾರೆ ಅಂತ ನೋಡಿ ಹೇಳಿ, ನನಗೆ ತಿಳಿಯಲಿಲ್ಲ.

ಅಜ್ಜಿಗೆ ನಮಸ್ಕಾರ ತಿಳಿಸಿ.

ಇತಿ,
ನಿಮ್ಮ ಮಗಳು