ಮೂರನೇ ದಿನ ಬಾರದ ಹೆಂಗಸಿನ ಬಗ್ಗೆ

ಪುಟ್ಟಿ,

ನಿನ್ನ ಪತ್ರ ಓದಿದೆ. ಮನೆ ಸುದ್ದಿ ಆಮೇಲೆ. ಡೊಂಬಿವಲಿಯ ನಿಮ್ಮ ವ್ಯಾಯಾಮದ ಗುಂಪಿಗೆ ಹೊಸದಾಗಿ ಒಬ್ಬರು ಹೆಂಗಸು ಎರಡು ದಿನ ಬಂದರು, ಮೂರನೇ ದಿನ ಬರಲಿಲ್ಲ, ‘ನಾವೇ ಓಡಿಸಿಬಿಟ್ಟೆವಾ ದೊಡ್ಡಪ್ಪ’ ಅಂತ ಬರೆದಿದ್ದೀಯಲ್ಲ, ನನ್ನ ತಲೆ ಅಲ್ಲಿಗೇ ನಿಂತುಹೋಯಿತು.

ಅವರಿಗೆ ಬೇರೆ ಏನಾದರೂ ಇರಬಹುದು. ನೀರು ಬರುವ ಹೊತ್ತು, ಮಗುವಿನ ಸ್ಕೂಲು, ಕಾಲುನೋವು. ಬೆಳಿಗ್ಗೆ ಆರಕ್ಕೆ ಬಾರದಿರಲು ಕಾರಣಕ್ಕೇನು ಬರ? ಹಾಗಂತ ಸಮಾಧಾನ ಹೇಳಿ ಮುಗಿಸಬಹುದಿತ್ತು. ಆದರೆ ನಿನ್ನ ಅನುಮಾನ ನಿಜವೇ ಇರಬಹುದು ಅಂತ ನನಗೂ ಅನ್ನಿಸುತ್ತಿದೆ.

ನಿನ್ನ ದೊಡ್ಡಮ್ಮನದೂ ಹೀಗೇ ಆಗಿತ್ತು. ಅವಳ ಮಂಡಿ, ಆಪರೇಷನ್ನು ಎಲ್ಲ ನಿನಗೆ ಗೊತ್ತಿರೋದೇ. ಮಾಟುಂಗದಲ್ಲಿ ಮನೆ ಹತ್ತಿರದ ಒಂದು ಗುಂಪಿಗೆ ಹೋಗಲು ಶುರು ಮಾಡಿದ್ದಳು. ಮಳೆಗಾಲ. ಒಂದು ಬೆಳಿಗ್ಗೆ ಕೊಡೆ ಹಿಡಿದು ಹೋದರೆ ಮೈದಾನದಲ್ಲಿ ಒಬ್ಬರೂ ಇಲ್ಲ. ಮಳೆ ಬಂದರೆ ಅವರೆಲ್ಲ ಪಕ್ಕದ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಸೇರುತ್ತಿದ್ದರಂತೆ, ಆಮೇಲೆ ಗೊತ್ತಾಯಿತು. ಯಾರೂ ಕೆಟ್ಟವರಲ್ಲ, ನೋಡು. ಇವಳಿಗೆ ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ, ಅಷ್ಟೇ. ಮತ್ತೆ ಅವಳು ಹೋಗಲಿಲ್ಲ. ನಾನು ಪೇಪರ್ ಓದುತ್ತಾ ಕೂತಿದ್ದೆ, ಯಾಕೆ ಅಂತ ಕೇಳಲಿಲ್ಲ. ಈಗ ಕೇಳಬೇಕು ಅನ್ನಿಸುತ್ತೆ, ಯಾರನ್ನ ಕೇಳೋದು.

ನಾನು ನಗೆ ಕ್ಲಬ್ಬಿಗೆ ಹೋಗಿದ್ದು ಅವಳು ತೀರಿಹೋದ ಮೇಲೆ. ಇದು ಹುಟ್ಟಿದ್ದೇ ನಮ್ಮ ಮುಂಬೈಯಲ್ಲಿ, 1995ರಲ್ಲಿ, ಡಾ. ಮದನ್ ಕಟಾರಿಯಾ ಅಂಧೇರಿಯ ಒಂದು ಪಾರ್ಕಿನಲ್ಲಿ ಐದೇ ಜನ ಸೇರಿಸಿಕೊಂಡು ಶುರು ಮಾಡಿದ್ದು. ಮೊದಲು ಜೋಕು ಹೇಳಿ ನಗುತ್ತಿದ್ದರು. ಎರಡು ವಾರಕ್ಕೆಲ್ಲ ಒಳ್ಳೆ ಜೋಕು ಖಾಲಿ, ಉಳಿದವು ಕೆಲವರಿಗೆ ಇರುಸುಮುರುಸು. ಆಮೇಲೆ ಜೋಕು ಬಿಟ್ಟು ಚಪ್ಪಾಳೆ, ‘ಹೊ ಹೊ ಹಾ ಹಾ ಹಾ’, ಉಸಿರಾಟ ಅಂತ ಸುಮ್ನೆ ನಗೋದೇ ವ್ಯಾಯಾಮವಾಯಿತು. ನನಗೆ ಅದು ಹಿಡಿಸಿತು, ಯಾಕೆಂದರೆ ಮರಾಠಿ ಜೋಕಿಗೆ ಇಷ್ಟು ವರ್ಷವಾದರೂ ನಾನು ಒಂದು ಗಳಿಗೆ ತಡವಾಗಿ ನಗುವವನು. ಇಲ್ಲಿ ಹೊಸಬನೂ ಹಳಬನೂ ಒಟ್ಟಿಗೇ ನಗಬಹುದು. ನಿಮ್ಮಲ್ಲಿ ಹಳೇ ತಮಾಷೆಗಳು ಜಾಸ್ತಿಯಾಗಿವೆಯಾ ನೋಡು, ಅದೂ ಕನ್ನಡದಲ್ಲಿ. ನಾಲ್ಕು ಜನ ನಮ್ಮವರು ಸೇರಿದರೆ ಪಕ್ಕದಲ್ಲಿ ಇನ್ನೊಬ್ಬರು ಇದ್ದಾರೆ ಅನ್ನೋದೇ ಮರೆತುಹೋಗುತ್ತೆ, ಅಲ್ವಾ? ಆ ಹೆಂಗಸು ಕನ್ನಡದವರಾ? ನೀನು ಬರೆದಿಲ್ಲ.

ಉಪದೇಶ ಮಾಡುವಷ್ಟು ನನಗೇನು ಗೊತ್ತು. ಆದರೂ ಸಾಲಾಗಿ ನಿಲ್ಲಿಸುವ ಬದಲು ದುಂಡಗೆ ನಿಲ್ಲಿಸಿ ನೋಡು. ಸಾಲಿನಲ್ಲಿ ಹೊಸಬರು ತಾವಾಗಿಯೇ ಹಿಂದಕ್ಕೆ ಹೋಗುತ್ತಾರೆ, ಹಿಂದೆ ನಿಂತವರು ಎದ್ದುಹೋದರೂ ಕಾಣೋದಿಲ್ಲ. ಬಿಪಿ, ಹರ್ನಿಯಾ, ಆಪರೇಷನ್ ಆಗಿದೆಯಾ ಅಂತ ಕೇಳಲೇಬೇಕು, ಅಂಥವರಿಗೆ ಜೋರು ನಗೆ ಕೂಡ ಆಗಿಬರೋದಿಲ್ಲ, ಆದರೆ ಎಲ್ಲರೆದುರು ಕೇಳಬೇಡ. ಮುಗಿದ ಮೇಲೆ ಕಟಿಂಗ್ ಚಹಾಕ್ಕೆ ನೀನೇ ಕರಿ. ಗುಂಪಿನ ಮಾತೆಲ್ಲ ನಡೆಯೋದು ಅಲ್ಲೇ, ಕರೆಯದೆ ಯಾವ ಹೊಸಬರೂ ಬರೋದಿಲ್ಲ. ವಾಟ್ಸಾಪ್ ಗುಂಪಿಗೆ ಮೊದಲ ದಿನವೇ ಸೇರಿಸು. ಫೀಸು, ಫಾರ್ಮು ನಿಧಾನಕ್ಕೆ ಆಗಲಿ.

ಅವರ ನಂಬರ್ ಇದೆಯಾ? ಇದ್ದರೆ ಇವತ್ತೇ ಫೋನ್ ಮಾಡು. ‘ಯಾಕೆ ಬರಲಿಲ್ಲ’ ಅನ್ನಬೇಡ, ಸ್ಕೂಲಿನಲ್ಲಿ ಹಾಜರಿ ಕೇಳಿದ ಹಾಗಿರುತ್ತೆ. ನಾಳೆ ಎಷ್ಟು ಹೊತ್ತಿಗೆ, ಮಳೆ ಬಂದರೆ ಎಲ್ಲಿ ಸೇರುತ್ತೀರಿ ಅಂತ ಹೇಳು, ಸಾಕು. ಬಾರದಿದ್ದರೆ ಬೇಡ. ಏನಂದರು ಅಂತ ಮಾತ್ರ ನನಗೆ ಬರಿ.

ನಿನ್ನ ದೊಡ್ಡಪ್ಪ