ಸೀಸನ್ನಿನಲ್ಲಿ ಬರೋ ಆ ಫೋನು, ಪಕ್ಕದ ಅಂಗಡಿಯವ್ರಿಗೂ ಹೇಳಿ

ಸಂಪಾದಕರಿಗೆ ನಮಸ್ಕಾರ.

ನಾನು ಕಾರವಾರದಲ್ಲಿ ಒಂದು ಸಣ್ಣ ಖಾನಾವಳಿ ನಡೆಸ್ತೇನೆ, ಆರು ಟೇಬಲ್, ನಾನು, ನಮ್ಮನೆಯವ್ರು, ಅಡುಗೆಗೆ ಒಬ್ರು ಅಕ್ಕ, ಅಷ್ಟೇ. ಡಿಸೆಂಬರ್ 20ರಿಂದ ಜನವರಿ ಮೊದಲ ವಾರದ ತನಕ ಗೋವಾಕ್ಕೆ ಹೋಗೋರು ಬರೋರು, ಟ್ಯಾಗೋರ್ ಬೀಚಿಗೆ ಬರೋರು, ಗೋಕರ್ಣ ಮುರ್ಡೇಶ್ವರ ಮುಗಿಸ್ಕೊಂಡು ಬರೋ ಹುಬ್ಬಳ್ಳಿ ಬೆಂಗಳೂರಿನ ಜನ ಎಲ್ಲಾ ಸೇರಿ, ಮಳೆಗಾಲದಲ್ಲಿ ಮಾಡ್ಕೊಂಡ ಸಾಲ ನಮಗೆ ತೀರೋದೇ ಈ ಹದಿನೈದು ದಿನದಲ್ಲಿ. ಮೋಸ ಮಾಡೋರಿಗೂ ಇದು ಗೊತ್ತು. 2024ರ ಸೀಸನ್ನಿನಲ್ಲಿ ನಮಗೆ ಆದದ್ದನ್ನ ಈಗ ಬರೀತಾ ಇದ್ದೇನೆ, ಯಾಕಂದ್ರೆ ಸುಮಾರು ತಿಂಗಳು ಇದನ್ನ ಯಾರಿಗೂ ಹೇಳದೆ ಇಟ್ಕೊಂಡಿದ್ದೆ, ಅದು ತಪ್ಪು ಅಂತ ಈಗ ಅನ್ನಿಸ್ತದೆ.

2024ರ ಡಿಸೆಂಬರ್ 22, ಭಾನುವಾರ, ಸಂತೆ ದಿನ. ಮಧ್ಯಾಹ್ನ ಒಂದು ಫೋನ್ ಬಂತು, ಹಿಂದಿಯಲ್ಲಿ ತುಂಬಾ ಮರ್ಯಾದೆಯಿಂದ ಮಾತಾಡಿದ, ಆರ್ಗಾದ ನೇವಿ ಬೇಸ್‌ನಿಂದ ಅಂದ, ನಾಳೆ ನಮ್ಮ ಯೂನಿಟ್ಟಿನ ಪಾರ್ಟಿ ಇದೆ, 50 ಊಟ ಬೇಕು, ಇಸ್ವಾಣ ಫ್ರೈ, ಶೆಟ್ಲಿ ಸುಕ್ಕಾ, ಸೋಲ್‌ಕಡಿ, ಎಲ್ಲ ಪಾರ್ಸೆಲ್. ನೇವಿಯವ್ರು ಫ್ಯಾಮಿಲಿ ಕರ್ಕೊಂಡು ನಮ್ಮಲ್ಲಿ ಊಟಕ್ಕೆ ಬರೋದು ಇದ್ದದ್ದೇ, ಹಾಗಾಗಿ ನನಗೆ ಅನುಮಾನ ಎಂತದೂ ಬರ್ಲಿಲ್ಲ. ಪ್ಲೇಟಿಗೆ 290 ಅಂದೆ, ಆಯ್ತು ಅಂದ. ಆಗಲೇ ತಿಳೀಬೇಕಿತ್ತು, 50 ಊಟ ಹೇಳೋನು ಒಂದು ಹತ್ತು ರೂಪಾಯಿನಾದ್ರೂ ಕಮ್ಮಿ ಮಾಡಿ ಅಂತ ಕೇಳೇ ಕೇಳ್ತಾನೆ. ವಾಟ್ಸಾಪಿಗೆ ಯೂನಿಫಾರ್ಮ್ ಹಾಕ್ಕೊಂಡ ಫೋಟೋ, ಐಡಿ ಕಾರ್ಡು, ಕ್ಯಾಂಟೀನ್ ಕಾರ್ಡು ಎಲ್ಲ ನಾನು ಕೇಳದೇನೇ ಕಳ್ಸಿದ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ನಮ್ಮನೆಯವ್ರು ಮೀನು ಮಾರ್ಕೆಟ್ಟಿಗೆ ಹೋಗಿ ಸೀಸನ್ ರೇಟಲ್ಲಿ ಇಸ್ವಾಣ ತಂದ್ರು. ಹನ್ನೆರಡೂವರೆಗೆ ಡಬ್ಬಿ ಎಲ್ಲ ತುಂಬಿ ಬೆಂಚಿನ ಮೇಲೆ ಸಾಲಾಗಿ ಇಟ್ವಿ. ಒಂದು ಗಂಟೆಗೆ ಆರೂ ಟೇಬಲ್ ಫುಲ್, ಹೊರಗೆ ಕಾಯೋರು ಬೇರೆ, ಸರಿಯಾಗಿ ಆಗಲೇ ಫೋನ್ ಬಂತು. ಗಾಡಿ ಹೊರಟಿದೆ, ಪೇಮೆಂಟ್ ಈಗಲೇ ಮಾಡ್ತೇನೆ, ಆದ್ರೆ ನಮ್ಮದು ಸರ್ಕಾರಿ ಅಕೌಂಟು, ಮೊದಲು ನೀವು ಒಂದು ರೂಪಾಯಿ ಕಳಿಸಿ ವೆರಿಫೈ ಮಾಡ್ಬೇಕು ಅಂದ. ಕಳ್ಸಿದೆ, ತಕ್ಷಣ ಎರಡು ರೂಪಾಯಿ ವಾಪಸ್ ಬಂತು. ನೋಡಿ, ಇದೇ ಗಾಳ. ಡಬಲ್ ಆಗಿ ಬರ್ತದೆ, ನಿಮ್ಮದು ನಿಮಗೆ ವಾಪಸ್, ಬಿಲ್ಲಿನ ದುಡ್ಡು ಅದರ ಜೊತೆಗೆ ಅಂದ, ಈಗ 14,500 ಟೈಪ್ ಮಾಡಿ, ಕೆಳಗೆ ನೋಟ್ ಅಂತ ಇರೋ ಜಾಗದಲ್ಲಿ ರಿಸೀವ್ ಅಂತ ಬರೀರಿ, ಪಿನ್ ಹಾಕಿ, ಫೋನ್ ಕಟ್ ಮಾಡ್ಬೇಡಿ ಅಂತ ಒಂದೇ ಸಮ ಹೇಳ್ತಾ ಇದ್ದ. ಒಂದು ಕೈಲಿ ಸೌಟು, ಒಂದು ಕೈಲಿ ಫೋನು, ಮೂರನೇ ಟೇಬಲ್ಲಿನವ್ರು ಅನ್ನ ಅನ್ನ ಅಂತ ಕೂಗ್ತಾ ಇದ್ರು. ಪಿನ್ ಹಾಕಿದೆ. ದುಡ್ಡು ಹೋಯ್ತು. ಸರ್ವರ್ ತೊಂದರೆ ಆಗಿದೆ ಮೇಡಂ, ಇನ್ನೊಂದ್ಸಲ ಹಾಕಿ ಎರಡೂ ಒಟ್ಟಿಗೆ ಬರ್ತದೆ ಅಂದ, ನಾನು ಹಾಕಿದ್ದೆ ಕೂಡಾ, ಅಕೌಂಟಲ್ಲಿ ಉಳಿದದ್ದು ಮೂರು ಸಾವಿರ ಆದ್ದರಿಂದ ಹೋಗ್ಲಿಲ್ಲ.

ನಾಲ್ಕು ಗಂಟೆ ತನಕ ಆ 50 ಡಬ್ಬಿ ಹಾಗೇ ಇತ್ತು. ಆಮೇಲೆ ಆಸ್ಪತ್ರೆ ಹತ್ರ ರೋಗಿಗಳ ಜೊತೆ ಬಂದವರಿಗೆ ಹಂಚಿ ಬಂದ್ವಿ.

ನೇವಿಯವ್ರದ್ದು ಇದರಲ್ಲಿ ಎಂತದೂ ತಪ್ಪಿಲ್ಲ, ಅವರ ಹೆಸರಿಗೆ ಇರೋ ಮರ್ಯಾದೆನ ಯಾವನೋ ಎಲ್ಲೋ ಕೂತ್ಕೊಂಡು ಬಳಸಿಕೊಂಡ. ದಂಡು, ಏರ್‌ಫೋರ್ಸ್ ಇರೋ ಊರಲ್ಲೆಲ್ಲಾ ಇದೇ ಆಟ ನಡೀತದೆ ಅಂತ ನನಗೆ ಆಮೇಲೆ ಗೊತ್ತಾಯ್ತು.

ಈಗ ನಾನು ಮಾಡಿದ ದೊಡ್ಡ ತಪ್ಪಿಗೆ ಬರ್ತೇನೆ, ಅದು ಪಿನ್ ಹಾಕಿದ್ದಲ್ಲ. ಆ ಸಂಜೆ ನಮ್ಮನೆಯವ್ರು ಯಾರಿಗೂ ಹೇಳೋದು ಬೇಡ, ಊರಲ್ಲಿ ನಗ್ತಾರೆ ಅಂದ್ರು, ನನಗೂ ಹಾಗೇ ಅನ್ನಿಸ್ತು. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಮರುದಿನ ಹನ್ನೊಂದು ಗಂಟೆಗೆ. ಆ ನಂಬರಿಗೆ ದುಡ್ಡು ಹೋದ ಕೂಡ್ಲೇ ಹೇಳಿದ್ರೆ ಅದು ಯಾವ ಅಕೌಂಟಿಗೆ ಹೋಗಿದೆಯೋ ಆ ಬ್ಯಾಂಕಿಗೆ ಸುದ್ದಿ ಮುಟ್ಟಿಸಿ ಅಲ್ಲೇ ತಡೆದು ಹಿಡಿಯೋಕೆ ನೋಡ್ತಾರೆ, ತಡ ಆದ್ರೆ ಒಂದು ಅಕೌಂಟಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರಿಸಿ ಎಟಿಎಂನಲ್ಲಿ ತೆಗ್ದುಬಿಟ್ಟಿರ್ತಾರೆ. ನಮ್ಮದು ಹಾಗೇ ಆಯ್ತು, ಒಂದು ರೂಪಾಯಿನೂ ಸಿಗ್ಲಿಲ್ಲ. ಫೋನ್ ಮಾಡುವಾಗ ಆ ಪೇಮೆಂಟಿನ 12 ಅಂಕಿಯ ಯುಪಿಐ ರೆಫರೆನ್ಸ್ ನಂಬರು ಕೈಲಿ ಇಟ್ಕೊಳ್ಳಿ, ಆ್ಯಪಿನಲ್ಲಿ ಪೇಮೆಂಟ್ ಹಿಸ್ಟರಿ ತೆಗೆದ್ರೆ ಅಲ್ಲೇ ಕಾಣ್ತದೆ.

ಇನ್ನೊಂದು ಮಾತು ನನಗೆ ಇವತ್ತಿಗೂ ಸಂಕಟ ಆಗೋದು. ಫೆಬ್ರವರಿಯಲ್ಲಿ ಮಾತಿಗೆ ಮಾತು ಬಂದು ನಮ್ಮ ರಸ್ತೆಯ ಹೋಂಸ್ಟೇ ನಡೆಸೋ ಅಕ್ಕನಿಗೆ ಹೇಳಿದೆ, ಅವರ ಮುಖ ಸಣ್ಣ ಆಯ್ತು. ನಮಗಿಂತ ನಾಲ್ಕು ದಿನ ಮೊದಲು ಅವರಿಗೂ ಅದೇ ತರ ಫೋನು, ಅಲ್ಲಿ ಐದು ರೂಮ್ ಬೇಕು ಅಂದಿದ್ದ, ಅವರದ್ದು 9 ಸಾವಿರ ಹೋಗಿತ್ತು. ಎದುರಿನ ಕಿರಾಣಿ ಅಂಗಡಿಗೂ ಬಂದಿತ್ತಂತೆ, ಅವರು ಬೈದು ಇಟ್ಟಿದ್ರು, ಆದ್ರೆ ಅವರೂ ಯಾರಿಗೂ ಹೇಳ್ಲಿಲ್ಲ. ಮೂರು ಅಂಗಡಿ, ಒಂದೇ ರಸ್ತೆ, ದಿನಾ ಮುಖ ನೋಡೋ ಜನ ನಾವು. ಅಕ್ಕ ಹೇಳಿದ್ರೆ ನನ್ನ ದುಡ್ಡು ಉಳೀತಿತ್ತು, ನಾನು ಹೇಳಿದ್ರೆ ನನ್ನ ನಂತರ ಎಷ್ಟು ಜನರದ್ದು ಉಳೀತಿತ್ತೋ.

ಅದಾದ ಮೇಲೆ ನಾನು ಇದರ ಸುದ್ದಿ ಎಲ್ಲಿ ಸಿಕ್ಕಿದ್ರೂ ಓದ್ತೇನೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ, ಅದೂ ನಮ್ಮ ಹಾಗೇ ಟೂರಿಸ್ಟ್ ಊರು, ರಾತ್ರಿ ಬಂದು ಅಂಗಡಿ, ಪೆಟ್ರೋಲ್ ಬಂಕಿನ ಕ್ಯೂಆರ್ ಕೋಡ್ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗಿದ್ರು, ಗಿರಾಕಿ ದುಡ್ಡು ಹಾಕ್ತಾನೆ, ಅದು ಮಾಲೀಕರಿಗೆ ಬರೋದೇ ಇಲ್ಲ. ಬೀಚಲ್ಲಿ ಗಾಡಿ ಇಟ್ಟವರು, ಮಾರ್ಕೆಟ್ಟಲ್ಲಿ ಮೀನು ಮಾರೋ ಬಾಯಂದಿರು ಈಗ ಎಲ್ಲರ ಹತ್ರನೂ ಕೋಡ್ ಇದೆ, ರಾತ್ರಿ ಹೊರಗೆ ಬಿಟ್ಟು ಹೋಗ್ಬೇಡಿ, ಬೆಳಿಗ್ಗೆ ಬಂದು ಮೊದಲು ನೀವೇ ಸ್ಕ್ಯಾನ್ ಮಾಡಿ ನಿಮ್ಮ ಹೆಸರು ಬರ್ತದಾ ನೋಡಿ. ಫೋನ್‌ಪೇ ಹಾಗೇ ಕಾಣೋ ನಕಲಿ ಆ್ಯಪ್ ಇದೆ, ಹಸಿರು ಟಿಕ್ ಬರ್ತದೆ, ದುಡ್ಡು ಬರಲ್ಲ. ಗಿರಾಕಿ ತೋರಿಸೋ ಫೋನ್ ನೋಡಿ ತಲೆ ಅಲ್ಲಾಡಿಸೋ ಬದಲು ನಮ್ಮ ಸೌಂಡ್‌ಬಾಕ್ಸ್ ಹೇಳಿತಾ, ನಮ್ಮ ಅಕೌಂಟಿಗೆ ಬಂತಾ, ಅಷ್ಟೇ ನೋಡ್ಬೇಕು, ರಶ್ ಇದ್ರೂ ಸರಿ. ದುಡ್ಡು ಬಂತು ಅಂತ ನಕಲಿ ಬ್ಯಾಂಕ್ ಮೆಸೇಜ್ ಕಳಿಸಿ, ತಪ್ಪಿ ಜಾಸ್ತಿ ಹಾಕಿದೆ, ವಾಪಸ್ ಕೊಡಿ ಅಂತ ಅರ್ಜೆಂಟ್ ಮಾಡೋರೂ ಇದ್ದಾರೆ. ಬ್ಯಾಂಕಿನ ಮೆಸೇಜು ಮಾಮೂಲಿ ಹತ್ತು ಅಂಕಿ ಮೊಬೈಲ್ ನಂಬರಿನಿಂದ ಬರೋದಿಲ್ಲ, ಅಕ್ಷರದ ಹೆಸರಿನಿಂದ ಬರ್ತದೆ, ಅದನ್ನೂ ನಂಬೋದಕ್ಕಿಂತ ಬ್ಯಾಲೆನ್ಸ್ ತೆಗೆದು ನೋಡೋದೇ ಒಳ್ಳೇದು.

ಹೋಂಸ್ಟೇಯವ್ರದ್ದು ಇನ್ನೊಂದು ಕಷ್ಟ. ಅವರ ಫೋಟೋನೇ ಕದ್ದು ನಕಲಿ ಪೇಜ್ ಮಾಡಿ ಅಡ್ವಾನ್ಸ್ ತಗೊಳ್ತಾರೆ, ಪಾಪ ಗಿರಾಕಿ ಮಕ್ಕಳು ಮರಿ ಕಟ್ಕೊಂಡು ರಾತ್ರಿ ಬಂದು ರೂಮ್ ಕೊಡಿ ಅಂತಾನೆ, ಇಲ್ಲಿ ಬುಕಿಂಗೇ ಇಲ್ಲ, ಜಗಳ, ಹೆಸರು ಕೆಡೋದು ಇವರದ್ದು. 2025ರ ಏಪ್ರಿಲಲ್ಲಿ ಕೇಂದ್ರ ಗೃಹ ಇಲಾಖೆಯ ಸೈಬರ್ ವಿಭಾಗದವರೇ ಕೇದಾರನಾಥದ ಹೆಲಿಕಾಪ್ಟರ್, ಯಾತ್ರಾಸ್ಥಳದ ಗೆಸ್ಟ್‌ಹೌಸ್ ಹೆಸರಲ್ಲಿ ಹೀಗೆ ನಕಲಿ ಬುಕಿಂಗ್ ಆಗ್ತಾ ಇದೆ ಅಂತ ಎಚ್ಚರಿಕೆ ಕೊಟ್ಟಿದ್ರು. ಗೂಗಲ್ ಮ್ಯಾಪಲ್ಲಿ ನಿಮ್ಮ ಹೆಸರಿನ ಕೆಳಗೆ ಇರೋ ನಂಬರು ನಿಮ್ಮದೇ ಹೌದಾ ಅಂತ ವಾರಕ್ಕೊಮ್ಮೆ ನೋಡ್ಕೊಳ್ಳಿ.

ಸೀಸನ್ನಿನಲ್ಲಿ ಎಟಿಎಂ ಖಾಲಿ ಆಗಿರ್ತದೆ, ಆಗ ಗುರುತಿಲ್ಲದೋರು ಬಂದು ಯುಪಿಐ ಮಾಡ್ತೇನೆ, ಹತ್ತು ಸಾವಿರ ಕ್ಯಾಶ್ ಕೊಡಿ, ಐನೂರು ಜಾಸ್ತಿ ಇಟ್ಕೊಳ್ಳಿ ಅಂತಾರೆ. ಕೊಡ್ಬೇಡಿ ದಯವಿಟ್ಟು. ಅದು ಬೇರೆ ಯಾರದ್ದೋ ಕದ್ದ ದುಡ್ಡಾಗಿದ್ರೆ ಅದರ ಜಾಡು ಹಿಡಿದು ಬಂದಾಗ ತಡೆ ಬೀಳೋದು ನಿಮ್ಮ ಅಕೌಂಟಿಗೆ, ಬಿಡಿಸ್ಕೊಳ್ಳೋಕೆ ಬ್ಯಾಂಕು, ಪೊಲೀಸ್ ಅಂತ ಅಲೆದಾಟ, ಅಷ್ಟರಲ್ಲಿ ಸೀಸನ್ ಮುಗಿದೇ ಹೋಗ್ತದೆ.

ಯುಪಿಐ ನಡೆಸೋ ಎನ್‌ಪಿಸಿಐನವ್ರು 2025ರ ಅಕ್ಟೋಬರ್ 1ರಿಂದ ಒಬ್ಬರು ಇನ್ನೊಬ್ಬರಿಗೆ ಕಳಿಸೋ ಕಲೆಕ್ಟ್ ರಿಕ್ವೆಸ್ಟ್, ಅಂದ್ರೆ ನನಗೆ ಇಷ್ಟು ದುಡ್ಡು ಹಾಕಿ ಅಂತ ಆ್ಯಪಿನಲ್ಲೇ ಕೇಳೋದನ್ನ ನಿಲ್ಲಿಸಿದ್ದಾರೆ, ಒಳ್ಳೇದಾಯ್ತು. ಆದ್ರೆ ನನಗೆ ಆದ ಹಾಗೆ ನಮ್ಮ ಕೈಯಿಂದಲೇ ಕಳಿಸೋ ಹಾಗೆ ಮಾಡಿದ್ರೆ ಅದನ್ನ ಯಾವ ನಿಯಮನೂ ತಡೆಯಲ್ಲ. ದುಡ್ಡು ಬರೋದಕ್ಕೆ ಪಿನ್ ಬೇಡವೇ ಬೇಡ, ಬ್ಯಾಲೆನ್ಸ್ ನೋಡುವಾಗ ಬಿಟ್ರೆ, ಪೇಮೆಂಟ್ ಮಧ್ಯೆ ಪಿನ್ ಕೇಳ್ತು ಅಂದ್ರೆ ದುಡ್ಡು ಹೋಗ್ತಾ ಇದೆ ಅಂತ. ಇದನ್ನ ನಮ್ಮ ಕ್ಯಾಶ್ ಡಬ್ಬಿ ಮೇಲೆ ಕಾಗದದಲ್ಲಿ ಬರೆದು ಅಂಟಿಸಿದ್ದೇನೆ.

ಸಂಪಾದಕರಲ್ಲಿ ನನ್ನ ಕೋರಿಕೆ ಎಂತ ಅಂದ್ರೆ, ಈ ಹದಿನೈದು ದಿನ ಪೇಪರಿನ ಜಿಲ್ಲಾ ಪುಟದಲ್ಲಿ ದಿನಾ ಒಂದು ಸಣ್ಣ ಬಾಕ್ಸು ಹಾಕಿ, 1930 ನಂಬರ್ ದಪ್ಪ ಅಕ್ಷರದಲ್ಲಿ ಇರ್ಲಿ. ಪೊಲೀಸಿನವ್ರು ಶಾಲೆ ಕಾಲೇಜಲ್ಲಿ ಸೈಬರ್ ಬಗ್ಗೆ ಹೇಳ್ತಾರೆ, ಸಂತೋಷ, ಹಾಗೇ ಭಾನುವಾರದ ಸಂತೆಗೆ, ಮೀನು ಮಾರ್ಕೆಟ್ಟಿಗೂ ಒಂದು ಅರ್ಧ ಗಂಟೆ ಬಂದು ಕೊಂಕಣಿಯಲ್ಲೂ ಹೇಳ್ಬೇಕು, ಅಲ್ಲಿರೋ ಬಾಯಂದಿರು ಇಂಗ್ಲಿಷ್ ಮೆಸೇಜ್ ಓದೋರಲ್ಲ. ನೇವಿಯವ್ರೂ ನಾವು ಸಾಮಾನು ತಗೊಳ್ಳುವಾಗ ಅಂಗಡಿಯವ್ರ ಹತ್ರ ಮುಂಗಡ ದುಡ್ಡು ಹಾಕಿಸ್ಕೊಳ್ಳೋದಿಲ್ಲ ಅಂತ ಒಂದು ಪ್ರಕಟಣೆ ಕೊಟ್ರೆ ತುಂಬಾ ಉಪಕಾರ ಆಗ್ತದೆ.

ನಾವು ನಮ್ಮ ರಸ್ತೆಯವ್ರು ಒಂದು ವಾಟ್ಸಾಪ್ ಗ್ರೂಪ್ ಮಾಡ್ಕೊಂಡಿದ್ದೇವೆ, ಅದರಲ್ಲಿ ಗುಡ್ ಮಾರ್ನಿಂಗ್ ಹಾಕೋ ಹಾಗಿಲ್ಲ, ಅನುಮಾನದ ಫೋನ್ ಬಂದ್ರೆ ನಂಬರು, ಎಂತ ಕೇಳಿದ, ಅಷ್ಟೇ. ಕಳೆದ ಗುರುವಾರ ಬಿಣಗಾ ಕಡೆಯ ಒಬ್ರು ಹಾಕಿದ್ರು, 60 ಬಿರಿಯಾನಿ, ರೇಟ್ ಕೇಳಿ ಸುಮ್ಮನೆ ಆಯ್ತು ಅಂದ, ಐಡಿ ಕಾರ್ಡ್ ಕಳ್ಸಿದ್ದಾನೆ ಅಂತ. ಫೋಟೋ ತೆಗೆದು ನೋಡಿದೆ, ನನಗೆ ಕಳ್ಸಿದ್ದ ಅದೇ ಕಾರ್ಡು, ಅದೇ ಮುಖ. ಕೂಡ್ಲೇ ಫೋನ್ ಮಾಡಿದೆ, ಅವರು ಆಗಿನ್ನೂ ಅಕ್ಕಿ ನೆನೆ ಹಾಕಿರ್ಲಿಲ್ಲ.

ಇಂತಿ,
ಖಾನಾವಳಿ ನಡೆಸೋ ಒಬ್ಬ ಓದುಗಳು, ಕಾರವಾರ