ಮೊದಲು ಹೂದಾನಿ ಕವುಚಿ ನೋಡಿ

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹಳೆ ಎಸ್ಟೇಟ್ ಬಂಗಲೆಗಳು ಹೋಂಸ್ಟೇ ಆಗುವಾಗ ಅಟ್ಟದಲ್ಲಿದ್ದ ಬಣ್ಣದ ಹೂದಾನಿ, ಬಟ್ಟಲು, ಪೇಪರ್‌ವೇಟ್‌ಗಳು ಹೊರಬೀಳುತ್ತವೆ. ಕೆಲವು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಕೆಲವಕ್ಕೆ ‘ಬ್ರಿಟಿಷರ ಕಾಲದ ಸ್ಟುಡಿಯೊ ಗ್ಲಾಸ್’ ಎಂದು ಸಾವಿರಗಟ್ಟಲೆ ಬೆಲೆ ಹೇಳುತ್ತಾರೆ.

ಆ ಮಾತೇ ಅನುಮಾನಕ್ಕೆ ಸಾಕು. ಕಲಾವಿದನೇ ಸ್ವಂತ ಕುಲುಮೆಯಲ್ಲಿ ಗಾಜು ಊದುವ ಸ್ಟುಡಿಯೊ ಚಳವಳಿ ಶುರುವಾದದ್ದು ಬ್ರಿಟಿಷರು ಹೋದ 15 ವರ್ಷಕ್ಕೆ, 1962ರಲ್ಲಿ, ಅಮೆರಿಕದ ಟೊಲೆಡೊ ಕಲಾ ಸಂಗ್ರಹಾಲಯದಲ್ಲಿ ಕುಂಬಾರಕಲೆಯ ಮೇಷ್ಟ್ರು ಹಾರ್ವಿ ಲಿಟಲ್‌ಟನ್ ನಡೆಸಿದ ಕಾರ್ಯಾಗಾರದಿಂದ. ಅಲ್ಲಿ ಮೊದಲು ಕರಗಿಸಿದ ಗಾಜು ಕೈಕೊಟ್ಟಿತು. ಆಮೇಲೆ ಗಾಜಿನ ತಂತ್ರಜ್ಞ ಡೊಮಿನಿಕ್ ಲಬೀನೊ ಸಲಹೆಯಂತೆ ಗಾಜಿನ ಗೋಲಿಗಳನ್ನೇ ಕರಗಿಸಿ ಊದಿದರು. ಅದಕ್ಕಿಂತ ಹಿಂದಿನ ಕೈಗಾಜಿನಲ್ಲಿ ಹೆಚ್ಚಿನದು ಇಟಲಿಯ ಮುರಾನೊದಂಥ ಕಡೆಯ ಕಾರ್ಖಾನೆಗಳದ್ದು. ಅದೇನು ಕಡಿಮೆಯದಲ್ಲ, ಆದರೆ ಹೆಸರು ಬೇರೆ.

ಹೂದಾನಿಯನ್ನು ಕವುಚಿ ತಳ ನೋಡಿ. ಊದಿದ ಗಾಜಿನ ಬಾಯಿ ತಿದ್ದುವಾಗ ತಳಕ್ಕೆ ಪಾಂಟಿಲ್ ಎಂಬ ಕಬ್ಬಿಣದ ಸರಳು ಅಂಟಿಸುತ್ತಾರೆ. ತಟ್ಟಿ ಬಿಡಿಸಿದ ಜಾಗ ಒರಟು ಕಲೆಯಾಗಿ ಉಳಿಯುತ್ತದೆ, ಇಲ್ಲವೇ ಉಜ್ಜಿ ನುಣುಪು ಮಾಡಿದ ನಾಲ್ಕಾಣೆ ಅಗಲದ ಗುಳಿಯಾಗುತ್ತದೆ. ಪಕ್ಕದಲ್ಲಿ ಗೀರಿದ ಸಹಿ, ಇಸವಿ ಇದ್ದರೂ ಇರಬಹುದು. ಗೋಲಿಸೋಡಾ ಬಾಟಲಿಯ ಮೈ ಸವರಿದರೆ ಬೆರಳಿಗೆ ಉದ್ದಕ್ಕೆ ಏಣು ತಾಗುತ್ತದಲ್ಲ, ಅಂಥದ್ದು ಸಿಕ್ಕರೆ ಅಚ್ಚಿನ ಗಾಜು. ಗಾಜಿನೊಳಗಿನ ಗುಳ್ಳೆ ಕಂಡು ಕೈಕೆಲಸವೆಂದು ಮೋಸಹೋಗಬೇಡಿ, ಬೇಕೆಂದೇ ಹಾಕುವವರಿದ್ದಾರೆ.

ಪಾಂಟಿಲ್ ಗುರುತು ಕೈಕೆಲಸಕ್ಕೆ ಸಾಕ್ಷಿ, ವಯಸ್ಸಿಗಲ್ಲ. ನಿನ್ನೆ ಊದಿದ್ದಕ್ಕೂ ಅದಿರುತ್ತದೆ. ವಯಸ್ಸು ಹೇಳುವುದು ಸವೆತ. ಮೇಜಿಗೆ ತಾಗುವ ಅಂಚಿನಲ್ಲಿ ಮಾತ್ರ, ಅಡ್ಡಾದಿಡ್ಡಿ, ಕೂದಲೆಳೆಯಂಥ ಗೀರುಗಳಿರಬೇಕು. ಉಪ್ಪುಕಾಗದದಲ್ಲಿ ತಿಕ್ಕಿದ್ದಾದರೆ ಗೀರೆಲ್ಲ ಒಂದೇ ದಿಕ್ಕಿಗೆ ಓಡುತ್ತವೆ, ಮೇಜು ತಾಗದ ಗುಳಿಯೊಳಗೂ ಕಾಣುತ್ತವೆ.

ಒಳಗೆ ಬೆರಳಾಡಿಸಿ. ಜಿಡ್ಡು ಹತ್ತಿದರೆ ಮಬ್ಬು ಮುಚ್ಚಲು ಎಣ್ಣೆ ಸವರಿದ್ದಾರೆ ಎಂದೇ ಲೆಕ್ಕ. ಗಡಸು ನೀರಿನ ಬಿಳಿ ಕಲೆಯಾದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ತುಂಬಿ ಒಂದು ರಾತ್ರಿ ಬಿಟ್ಟರೆ ಸಡಿಲವಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ಗಾಜಿನ ಮೈಯೇ ಸವೆದಿದೆ. ಪಾತ್ರೆ ತಿಕ್ಕುವ ಪುಡಿ, ತೆಂಗಿನ ನಾರು ಹಾಕಿದರೆ ಇನ್ನಷ್ಟು ಕೆಡುತ್ತದೆ. ಚಿನ್ನದ ಗೀಟು, ಬಣ್ಣದ ಚಿತ್ರ ಇರುವಲ್ಲಿ ವಿನೆಗರ್ ತಾಗಿಸಲೇಬೇಡಿ. ತೊಳೆಯುವ ನೀರು ಉಗುರುಬೆಚ್ಚಗಿರಲಿ. ದಪ್ಪ ತಳದ ಗಾಜಿಗೆ ಬಿಸಿನೀರು ಸುರಿದರೆ ಹೊರಮೈ ಹಿಗ್ಗುತ್ತದೆ, ಒಳಗಿನದು ಹಿಗ್ಗುವುದಿಲ್ಲ, ಸೀಳು ಬಿಡುತ್ತದೆ.

ನಮ್ಮ ಮಲೆನಾಡಿನಲ್ಲಿ ನಿಜವಾದ ಶತ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ಸೋಡಾ, ಪೊಟ್ಯಾಶ್ ಹೆಚ್ಚಾಗಿ ಸುಣ್ಣ ಕಡಿಮೆಯಾದ ಗಾಜು ಈ ತೇವಕ್ಕೆ ಬೆವರುತ್ತದೆ. ಮುಟ್ಟಿದರೆ ಸಾಬೂನಿನಂತೆ ಜಾರುತ್ತದೆ, ಕೊನೆಗೆ ಮೈತುಂಬ ಬಲೆಯಂಥ ಸಣ್ಣ ಬಿರುಕು. ಬೆವರಿದ್ದನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಹತ್ತಿ ಬಟ್ಟೆಯಲ್ಲಿ ಒರೆಸಿ, ಬೇರೆಯಾಗಿಡಿ. ಹಳೆ ಪತ್ರಿಕೆ ಸುತ್ತಿ ಅಟ್ಟಕ್ಕೆ ಹಾಕುವ ರೂಢಿ ಬಿಡಿ (ಪತ್ರಿಕೆಗೇ ಬರೆದು ಇದನ್ನು ಹೇಳಬೇಕಾಯಿತು, ಕ್ಷಮಿಸಿ): ಕಾಗದ ತೇವ ಹೀರಿ ಗಾಜಿಗೆ ಅಂಟಿಸಿಟ್ಟುಕೊಳ್ಳುತ್ತದೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ತಂದು, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು ಇಡಿ. ಕಿತ್ತಳೆ ಹರಳು ಹಸಿರಿಗೆ ತಿರುಗಿದಾಗ ಬದಲಿಸಿ. ಹೂದಾನಿಗೆ ಮುಚ್ಚಳವಿದ್ದರೆ ತೆಗೆದು ಪಕ್ಕಕ್ಕಿಡಿ, ಒಳಗೂ ಗಾಳಿಯಾಡಲಿ.

ಪೇಪರ್‌ವೇಟ್‌ಗೆ ಮಾತ್ರ ಬೇಸಿಗೆಯದೂ ಭಯವಿದೆ. ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟರೆ ಭೂತಗನ್ನಡಿಯ ಕೆಲಸ ಮಾಡಿ ಮೇಜಿನ ಬಟ್ಟೆ, ಕಾಗದಕ್ಕೆ ಬೆಂಕಿ ಹೊತ್ತಿಸಬಹುದು. ಅದನ್ನು ನೆರಳಿನ ಕಪಾಟಿಗೆ ಸರಿಸಿ.

– ಗಾಜಿನ ಹವ್ಯಾಸಿಗಳು, ಚಿಕ್ಕಮಗಳೂರು